ಪೆಟ್ಟಿಗೆಯಲ್ಲಿ ಉಳಿದ ಪುಸ್ತಕ



ಕೆಲವು ತಿಂಗಳುಗಳ ಹಿಂದೆ ನಮ್ಮ ಹಳೆಯ ತಗಡಿನ ಪೆಟ್ಟಿಗೆಯನ್ನು ಬಿಸಿಲಿಗಿಡಲೆಂದು ತೆರೆದಾಗ, ವ್ಯಾಕರಣ ಪಾಠದ ಟಿಪ್ಪಣಿಗಳ ಅಡಿಯಲ್ಲಿ ಒಂದು ಪತ್ತೇದಾರಿ ಕಾದಂಬರಿ ದೊರೆಯಿತು. ಹೊದಿಕೆಯ ಬಣ್ಣ ಮಾಸಿತ್ತು. ಅಂಚುಗಳನ್ನು ಹುಳು ತಿಂದಿತ್ತು. ಅಕ್ಷರಗಳಿಗೆ ಮಾತ್ರ ಯಾವ ಕೇಡೂ ತಟ್ಟಿರಲಿಲ್ಲ. ಅದನ್ನು ಕಂಡೊಡನೆ ನಮಗೆ ಆದದ್ದು ಸಂತೋಷವಲ್ಲ, ನಾಚಿಕೆ. ಏಕೆಂದರೆ ಆ ಪುಸ್ತಕ ನಮ್ಮದಲ್ಲ.

1976ರಲ್ಲಿ ನಾವು ಮಠದ ಪ್ರಸಾದ ನಿಲಯದಲ್ಲಿದ್ದು ವ್ಯಾಸಂಗ ಮಾಡುತ್ತಿದ್ದೆವು. ರಜೆ ಮುಗಿಸಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹಿಂದಿರುಗುತ್ತಿರುವಾಗ, ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಓದಿ ಮುಗಿಸಿದ ಪುಸ್ತಕವನ್ನು ನಮ್ಮ ಕೈಗಿತ್ತು, "ತಮ್ಮಾ, ಓದಿ ಮುಗಸು. ಆಮ್ಯಾಲ ಗುರ್ತಿಲ್ಲದ ಯಾರಿಗರ ಕೊಡು. ಕೊಲಿ ಮಾಡಿದಾವ ಯಾರಂತ ಮಾತ್ರ ಹೇಳಬ್ಯಾಡ" ಎಂದು ನುಡಿದು ಹಾವೇರಿಯಲ್ಲಿ ಇಳಿದುಹೋದರು. ಒಳಪುಟದಲ್ಲಿ ಪೆನ್ಸಿಲ್ಲಿನಿಂದ ಐದು ಊರುಗಳ ಹೆಸರು ಬೇರೆ ಬೇರೆ ಕೈಬರಹದಲ್ಲಿತ್ತು: ಗದಗ, ಬಾಗಲಕೋಟೆ, ಬಳ್ಳಾರಿ, ಅರಸೀಕೆರೆ, ಧಾರವಾಡ. ಓದಿದವರ ಹೆಸರುಗಳಿರಲಿಲ್ಲ.

ಅದನ್ನು ನಾವು ಎರಡೇ ರಾತ್ರಿಗಳಲ್ಲಿ ಓದಿದೆವು. ಆದರೆ ಪೂಜ್ಯರಿಗೆ ತಿಳಿದೀತೆಂಬ ಅಂಜಿಕೆಯಿಂದ ಪೆಟ್ಟಿಗೆಯ ತಳಕ್ಕೆ ಸೇರಿಸಿದೆವು. ಅಂಜಿಕೆ ಕೆಲವೇ ವರ್ಷಗಳಲ್ಲಿ ಹೋಯಿತು; ಪುಸ್ತಕ ಮಾತ್ರ ಅಲ್ಲಿಯೇ ಉಳಿಯಿತು.

ಪತ್ತೇದಾರಿ ಕಾದಂಬರಿಯೆಂದರೆ ವಿದ್ವಜ್ಜನರು ಮೂಗು ಮುರಿಯುತ್ತಿದ್ದ ಕಾಲವದು. ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿಲ್ಲದ ಎನ್. ನರಸಿಂಹಯ್ಯನವರು ಇಂತಹ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವು ಬಾಡಿಗೆ ಪುಸ್ತಕದಂಗಡಿಗಳ ಮೂಲಕ ಮನೆಮನೆಗೆ ಹೋದವು. ಅವುಗಳಿಂದಲೇ ಓದಿನ ರುಚಿ ಹತ್ತಿಸಿಕೊಂಡವರು ಎಷ್ಟೋ ಮಂದಿ. ಹೀಗಿರಲು ಆ ಪುಸ್ತಕಗಳನ್ನು ಕೀಳೆಂದು ತಳ್ಳುವುದು ನ್ಯಾಯವಲ್ಲ.

ಕೈಯಿಂದ ಕೈಗೆ ಸಾಗಲು ಇಂತಹ ಕಾದಂಬರಿಗಿಂತ ತಕ್ಕ ಪುಸ್ತಕ ಬೇರೊಂದಿಲ್ಲವೆಂದು ನಮಗೆ ಈಗ ತೋರುತ್ತದೆ. ಧರ್ಮಗ್ರಂಥವನ್ನು ನೂರು ಬಾರಿ ಓದಬೇಕು. ನಿಘಂಟನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಬೇಕು. ಪತ್ತೇದಾರಿ ಕಥೆಯಾದರೋ ಕೊಲೆಗಾರ ಸಿಕ್ಕೊಡನೆ ಓದಿದವನ ಪಾಲಿಗೆ ಮುಗಿಯಿತು. ಓದದವನಿಗೆ ಮಾತ್ರ ಅದರ ಕುತೂಹಲವೆಲ್ಲವೂ ಹಾಗೆಯೇ ಉಳಿದಿರುತ್ತದೆ. ನಮಗೆ ಬೇಡವಾದುದು ಇನ್ನೊಬ್ಬರಿಗೆ ಪೂರ್ಣವಾಗಿ ಬೇಕಾಗಿರುವಾಗ ಅದನ್ನು ಮುಚ್ಚಿಡುವುದು ಜಿಪುಣತನವೂ ಅಲ್ಲ, ಬರಿಯ ವ್ಯರ್ಥ.

ಇಂಗ್ಲೆಂಡಿನಲ್ಲಿ 1935ರಲ್ಲಿ ಪೆಂಗ್ವಿನ್ ಸಂಸ್ಥೆಯು ತಲಾ ಆರು ಪೆನ್ನಿಗೆ ಹತ್ತು ಪುಸ್ತಕಗಳನ್ನು ಹೊರತಂದಾಗ, ಅವುಗಳಲ್ಲಿ ಅಗಾಥಾ ಕ್ರಿಸ್ಟಿ ಹಾಗೂ ಡೊರೊಥಿ ಸೇಯರ್ಸ್ ಅವರ ಪತ್ತೇದಾರಿ ಕಾದಂಬರಿಗಳೂ ಇದ್ದವು. ಅವುಗಳ ಹೊದಿಕೆಗೆ ಹಸಿರು ಬಣ್ಣ. ಮುಂದೆ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಂಗ್ವಿನ್ ಪುಸ್ತಕಗಳಲ್ಲಿ ಒಂದು ಸೂಚನೆಯನ್ನು ಅಚ್ಚುಮಾಡುತ್ತಿದ್ದರು: ಓದಿದ ಮೇಲೆ ಅಂಚೆ ಕಚೇರಿಯಲ್ಲಿ ಬಿಟ್ಟರೆ ಸೇನೆಯಲ್ಲಿರುವವರೂ ಓದಿ ಸಂತೋಷಪಡುವರೆಂಬುದು ಅದರ ತಾತ್ಪರ್ಯ. ಬಿಟ್ಟವರು ಸೈನಿಕನನ್ನು ಕಾಣಲಿಲ್ಲ. ಸೈನಿಕನಿಗೆ ಬಿಟ್ಟವರು ಯಾರೆಂದು ತಿಳಿಯಲಿಲ್ಲ.

2001ರಲ್ಲಿ ಅಮೆರಿಕದ ರಾನ್ ಹಾರ್ನ್‌ಬೇಕರ್ ಎಂಬವರು ಇದೇ ಬಗೆಯ ಕಾರ್ಯಕ್ಕೆ 'ಬುಕ್‌ಕ್ರಾಸಿಂಗ್' ಎಂಬ ಹೆಸರಿಟ್ಟು ಅಂತರ್ಜಾಲದಲ್ಲಿ ವ್ಯವಸ್ಥೆ ಮಾಡಿದರು. ಪ್ರತಿಯೊಂದು ಪುಸ್ತಕಕ್ಕೂ ಒಂದು ಸಂಖ್ಯೆ. ಅದನ್ನು ಪುಸ್ತಕದಲ್ಲಿ ಬರೆದು ಉದ್ಯಾನದ ಬೆಂಚಿನ ಮೇಲೋ ರೈಲಿನಲ್ಲಿಯೋ ಬಿಟ್ಟು ಹೋಗುವುದು. ಕಂಡವರು ಆ ಸಂಖ್ಯೆಯ ಮೂಲಕ ಎಲ್ಲಿ ಸಿಕ್ಕಿತೆಂದು ತಿಳಿಸಿ, ಓದಿ, ಮುಂದೆ ಬಿಡುವುದು. ಕೆಲವರು ಓದುವವರ ಪಟ್ಟಿ ಮಾಡಿ, ಒಬ್ಬರಿಂದೊಬ್ಬರಿಗೆ ಅಂಚೆಯಲ್ಲಿ ಕಳುಹಿಸುತ್ತಾರೆ. ನಮ್ಮ ಪುಸ್ತಕದ ಐದು ಊರುಗಳ ಪಟ್ಟಿಯೂ ಇದೇ ಅಲ್ಲವೇ?

ಹಾಗೆ ಬಿಟ್ಟ ಪುಸ್ತಕ ಕಳೆದುಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹೋಗುತ್ತದೆ. ಅನೇಕ ಪುಸ್ತಕಗಳ ಸುಳಿವು ಮತ್ತೆಂದೂ ದೊರೆಯುವುದಿಲ್ಲ. ಆದರೂ ಜನ ಬಿಡುತ್ತಲೇ ಇದ್ದಾರೆ. ಗುರುತಿಲ್ಲದವರ ಮೇಲೆ ಇಡುವ ಈ ನಂಬಿಕೆಗೆ ಎರಡು ಭಾಗಗಳಿವೆ. ಪುಸ್ತಕವನ್ನು ಮುಂದಕ್ಕೆ ದಾಟಿಸುವುದು ಒಂದು. ಕೊಲೆಗಾರನ ಹೆಸರನ್ನು ಹೇಳದಿರುವುದು ಇನ್ನೊಂದು. ತನಗೆ ತಿಳಿದುದನ್ನು ಹೇಳಬೇಕೆಂಬ ಚಪಲವನ್ನು, ಎಂದೂ ಕಾಣದ ಓದುಗನ ಸಂತೋಷಕ್ಕಾಗಿ ತಡೆದುಕೊಳ್ಳುವುದು ಸಣ್ಣ ಸಂಯಮವಲ್ಲ. ಬಾಡಿಗೆ ಪುಸ್ತಕಗಳ ಮೊದಲ ಪುಟದಲ್ಲಿಯೇ ಯಾರೋ ಪುಣ್ಯಾತ್ಮರು ಆ ಹೆಸರನ್ನು ಗೀಚಿಟ್ಟದ್ದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಆದಕಾರಣ ತಾಯಂದಿರಲ್ಲಿಯೂ ಮಹನೀಯರಲ್ಲಿಯೂ ನಮ್ಮದೊಂದು ಬಿನ್ನಹ. ನಿಮ್ಮ ಕಪಾಟಿನಲ್ಲಿ ಮತ್ತೆ ತೆರೆಯಲಾರಿರೆಂದು ನಿಮಗೇ ಗೊತ್ತಿರುವ ಒಂದು ಪುಸ್ತಕವನ್ನು ಹುಡುಕಿರಿ. ಮಕ್ಕಳ ಕೈಯಿಂದಲೇ ಅದನ್ನು ಗುರುತಿಲ್ಲದ ಒಬ್ಬರಿಗೆ ಕೊಡಿಸಿರಿ.

ನಾವು ಬೆಂಗಳೂರಿಗೆ ಹೊರಟ ಒಂದು ದಿನ ಆ ಕಾದಂಬರಿಯನ್ನು ಜೋಳಿಗೆಯಲ್ಲಿ ಇಟ್ಟುಕೊಂಡೆವು. ಒಳಪುಟದಲ್ಲಿ ಆರನೆಯದಾಗಿ ನಮ್ಮ ಊರ ಹೆಸರನ್ನು ಬರೆದು, ರೈಲಿನಲ್ಲಿ ಎದುರಿಗಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟು, ಅಂದು ಆ ಹಿರಿಯರು ನಮಗೆ ಹೇಳಿದ ಮಾತನ್ನೇ ಹೇಳಿದೆವು. ದಾವಣಗೆರೆ ದಾಟುವಷ್ಟರಲ್ಲಿ ಅರ್ಧ ಓದಿದ್ದ ಆಕೆ ತಲೆಯೆತ್ತಿ, "ಅಜ್ಜಾರ, ಆ ಅಡಗಿ ಮಾಡಾವನ ಮ್ಯಾಲ ನನಗ ಸಂಶಯ ಐತ್ರಿ. ಹೌದಲ್ರೀ?" ಎಂದು ಕೇಳಿದಳು.

ನಾವು ಕಿಟಕಿಯಾಚೆಗಿನ ಹೊಲಗಳನ್ನು ನೋಡುತ್ತ ಕುಳಿತೆವು. ಆ ಹಿರಿಯರಿಗೆ ಕೊಟ್ಟ ಎರಡು ಮಾತುಗಳಲ್ಲಿ ಒಂದನ್ನು ಸುಮಾರು ಐದು ದಶಕ ತಡವಾಗಿ ನಡೆಸಿದ್ದೆವು, ಇನ್ನೊಂದನ್ನಾದರೂ ಮುರಿಯಬಾರದಲ್ಲವೇ?