ಹೋಲಿಕೆಯೇ ಪಾಠವಲ್ಲ

ಅಭ್ಯಾಸ ಬೋಧನೆಯಲ್ಲಿ ಒಳ್ಳೆಯ ಹೋಲಿಕೆಯೊಂದು ಸಿಕ್ಕರೆ ಪಾಠ ಗೆದ್ದಿತೆಂದು ನಾವು ಭಾವಿಸುತ್ತೇವೆ. ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಭೌತವಿಜ್ಞಾನದಿಂದ ಪ್ರೇರಿತವಾದ ಗಣಕ ವಿಧಾನಗಳ ಕಥೆ ಇದಕ್ಕೆ ಸಾಕ್ಷಿ.

ಹಬ್ಬುವಾಡದಿಂದ ಹೊರಟು ಅಂಕೋಲಾ, ಕುಮಟಾ, ಶಿರಸಿ ಮೊದಲಾದ ಒಂಬತ್ತು ಊರು ಸುತ್ತಿ ಮರಳಬೇಕೆನ್ನಿ. ಸಾಧ್ಯವಿರುವ ಸುತ್ತುಗಳು 1,81,440. ಅತಿ ಚಿಕ್ಕದು ಯಾವುದು? ಸಣ್ಣ ಬದಲಾವಣೆ ಮಾಡುತ್ತ, ದೂರ ಕಡಿಮೆಯಾದರೆ ಮಾತ್ರ ಒಪ್ಪುತ್ತ ಹೋದರೆ ನಡುವೆಯೇ ಸಿಕ್ಕಿಬೀಳಬಹುದು. ಮಂಜು ಕವಿದಾಗ ಗುಡ್ಡಳ್ಳಿ ಬೆಟ್ಟ ಏರುವವನು ಮೇಲಕ್ಕಷ್ಟೇ ಹೆಜ್ಜೆ ಇಟ್ಟರೆ ಮೊದಲ ದಿಬ್ಬವನ್ನೇ ಶಿಖರವೆಂದು ನಿಲ್ಲುತ್ತಾನೆ.

ಕಾಯಿಸಿದ ಲೋಹವನ್ನು ನಿಧಾನವಾಗಿ ತಣಿಸಿದರೆ ಅದರ ಕಣಗಳು ಕಡಿಮೆ ಶಕ್ತಿಯ ಜೋಡಣೆಗೆ ಬರುತ್ತವೆ. 1983ರಲ್ಲಿ ಕಿರ್ಕ್‌ಪ್ಯಾಟ್ರಿಕ್, ಗೆಲಾಟ್, ವೆಚ್ಚಿ ಇದನ್ನೇ ಲೆಕ್ಕಕ್ಕೆ ತಂದರು. ಆದರೆ ಅದರ ಜೀವಾಳ ಲೋಹವಲ್ಲ, 1953ರ ಮೆಟ್ರೊಪೊಲಿಸ್ ನಿಯಮ: ಕೆಟ್ಟ ಹೆಜ್ಜೆಯನ್ನೂ ಕೆಲವೊಮ್ಮೆ ಒಪ್ಪು. ‘ತಾಪ’ ಎಂಬ ಸಂಖ್ಯೆ 10 ಇದ್ದಾಗ 2 ಕಿ.ಮೀ. ಹೆಚ್ಚಿನ ಮಾರ್ಗವನ್ನು ಒಪ್ಪುವ ಸಂಭವ ನೂರಕ್ಕೆ ಸುಮಾರು 82; ಅದು 1ಕ್ಕೆ ಇಳಿದಾಗ ಸುಮಾರು 14.

ಮುಂದೆ ಗುರುತ್ವ, ಕಪ್ಪುಕುಳಿ ಎಂದು ಹೋಲಿಕೆಗಳ ಸುಗ್ಗಿಯೇ ಬಂತು. ಹೊಸ ರೂಪಕದ ಹಿಂದೆ ಎಷ್ಟೋ ಸಲ ಹಳೆಯ ವಿಧಾನವೇ ಅಡಗಿರುತ್ತದೆಂದು 2015ರಲ್ಲಿ ಕೆನೆತ್ ಸೊರೆನ್ಸೆನ್ ಟೀಕಿಸಿದರು. ಎಲ್ಲ ಬಗೆಯ ಸಮಸ್ಯೆಗಳನ್ನು ಒಟ್ಟಿಗೆ ಹಿಡಿದು ಸರಾಸರಿ ನೋಡಿದರೆ ಯಾವ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲವೆಂದು ವೋಲ್ಪರ್ಟ್ ಮತ್ತು ಮೆಕ್ರೆಡಿ 1997ರಲ್ಲೇ ಸಾಧಿಸಿ ತೋರಿಸಿದ್ದರು. ಅಂದಮೇಲೆ ಹೆಸರಿನ ಸೊಗಸು ನೋಡಿ ವಿಧಾನವನ್ನು ಆರಿಸಲಾಗದು. ಅದು ಮುಂದಿರುವ ಸಮಸ್ಯೆಗೆ ಹೊಂದುತ್ತದೆಯೇ ಎಂದು ನೋಡಬೇಕು.

ನಮ್ಮ ತರಗತಿಗಳಲ್ಲೂ ಇದೇ ಅಪಾಯವಿದೆ. ವಿದ್ಯುತ್ ಪ್ರವಾಹವನ್ನು ಕೊಳವೆಯ ನೀರಿಗೆ ಹೋಲಿಸುತ್ತೇವೆ. ಕೊಳವೆ ಕತ್ತರಿಸಿದರೆ ನೀರು ಚೆಲ್ಲುತ್ತದೆ. ತಂತಿ ಕತ್ತರಿಸಿದರೆ ಪ್ರವಾಹ ಚೆಲ್ಲುವುದಿಲ್ಲ, ನಿಲ್ಲುತ್ತದೆ. ಇದನ್ನು ಹೇಳದೆ ಬಿಟ್ಟರೆ ಮಗು ನೀರನ್ನು ನೆನಪಿಡುತ್ತದೆ, ಮಂಡಲವನ್ನು ಮರೆಯುತ್ತದೆ.

ಕಥೆಯಿಲ್ಲದೆ ಮಕ್ಕಳು ಕೇಳುವುದಿಲ್ಲ ಎಂಬ ಆಕ್ಷೇಪ ನಿಜವೇ. ಕಥೆ ಇರಲಿ. ಆದರೆ ಕಥೆ ತೆಗೆದ ಮೇಲೂ ಮಗು ಮುಂದಿನ ಹೆಜ್ಜೆಯನ್ನು ತಾನೇ ಇಡಬಲ್ಲುದೇ ಎಂದು ಪರೀಕ್ಷಿಸೋಣ. ಪಾಠಯೋಜನೆಯಲ್ಲಿ ಪ್ರಶಿಕ್ಷಣಾರ್ಥಿಗಳು ಒಂದು ಸಾಲು ಸೇರಿಸಲಿ: ‘ಈ ಹೋಲಿಕೆ ಎಲ್ಲಿ ಮುರಿಯುತ್ತದೆ?’ ಪಾಠ ವೀಕ್ಷಿಸುವ ಮಾರ್ಗದರ್ಶಕರು ಆ ಸಾಲಿಗೂ ಅಂಕ ಕೊಡಲಿ.