ಮಾತ್ರೆಯನ್ನು ಮುಚ್ಚಿಡಬೇಡಿ, ಹಂಚಲೂ ಬೇಡಿ



ಜೂನ್ ಬಂತೆಂದರೆ ವಸತಿ ನಿಲಯಗಳ ಮುಂದೆ ಟ್ರಂಕು, ಹಾಸಿಗೆ ಹಿಡಿದ ಮಕ್ಕಳು ಸಾಲುಗಟ್ಟುತ್ತಾರೆ. ಮಳೆ ಸುರಿಯುವ ಹಟ್ಟಿಯಂಗಡಿಯಂಥ ಕರಾವಳಿಯ ಊರಿನಲ್ಲೂ, ಬಯಲುಸೀಮೆಯ ಮಠದ ಪ್ರಸಾದ ನಿಲಯದಲ್ಲೂ ಈ ನೋಟ ಒಂದೇ. ಆ ಟ್ರಂಕುಗಳಲ್ಲಿ ಯಾವುದೋ ಒಂದರ ತಳದಲ್ಲಿ, ಬಟ್ಟೆಗಳ ಅಡಿಯಲ್ಲಿ, ಮಾತ್ರೆಯ ಪೊಟ್ಟಣವೊಂದು ಇದ್ದರೆ ಅಚ್ಚರಿಯಿಲ್ಲ. “ಯಾರಿಗೂ ಹೇಳಬೇಡ, ಗೊತ್ತಾದರೆ ಸೀಟು ಹೋದೀತು” ಎಂದು ಹೆತ್ತವರು ಕಿವಿಮಾತು ಹೇಳಿರುತ್ತಾರೆ. ಅಪಾಯ ಶುರುವಾಗುವುದು ಮಾತ್ರೆಯಿಂದಲ್ಲ, ಈ ಗುಟ್ಟಿನಿಂದ.

ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವ, ಕೂತಲ್ಲಿ ಕೂರಲಾಗದ, ಮುಂದಾಲೋಚನೆಯಿಲ್ಲದೆ ಮುನ್ನುಗ್ಗುವ ತೊಂದರೆ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳ ಪ್ರಕಾರ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ. ಇದು ಸೋಮಾರಿತನವಲ್ಲ, ತಾಯಿ ಮುದ್ದು ಮಾಡಿದ್ದರ ಫಲವಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ತಾಯತ ಕಟ್ಟುವುದರಿಂದಾಗಲಿ ಬೆತ್ತದಿಂದಾಗಲಿ ಇದು ಹೋಗುವುದಿಲ್ಲ.

ಇದಕ್ಕೆ ನಮ್ಮ ದೇಶದಲ್ಲಿ ವೈದ್ಯರು ಬರೆಯುವ ಮುಖ್ಯ ಉತ್ತೇಜಕ ಔಷಧ ಮಿಥೈಲ್‌ಫೆನಿಡೇಟ್. 1944ರಲ್ಲಿ ಮೊದಲು ತಯಾರಾದ ಇದು ಹೊಸ ಪ್ರಯೋಗವೇನಲ್ಲ. ಸಾಮಾನ್ಯವಾಗಿ ಆರು ವರ್ಷ ತುಂಬಿದ ಮೇಲೆಯೇ ಕೊಡುತ್ತಾರೆ. ಸರಿಯಾದ ಮಗುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಗಮನ ನಿಲ್ಲುತ್ತದೆ, ಪಾಠ ಹತ್ತುತ್ತದೆ. ಆದರೆ ಹಸಿವು ಕುಗ್ಗಬಹುದು, ನಿದ್ದೆ ಕೆಡಬಹುದು, ತಲೆನೋವು ಬರಬಹುದು, ನಾಡಿ ಬಡಿತ ಮತ್ತು ರಕ್ತದೊತ್ತಡ ಏರಬಹುದು. ಆದ್ದರಿಂದ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಆಗಾಗ ಅಳೆಯಬೇಕು. ಮಗು ಎಂದಾದರೂ ಮೂರ್ಛೆ ಹೋಗಿದ್ದರೆ, ಮನೆಯಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ಮೊದಲ ದಿನವೇ ವೈದ್ಯರಿಗೆ ಹೇಳಬೇಕು.

ಕಾನೂನೂ ಇದನ್ನು ಹಗುರವಾಗಿ ನೋಡಿಲ್ಲ. ಇದು ‘ಎಕ್ಸ್’ ಅನುಸೂಚಿಯ ಔಷಧ. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಕಾಯ್ದಿಡಬೇಕು. ಮಾರಲು ಪ್ರತ್ಯೇಕ ಪರವಾನಗಿ ಬೇಕಾದ್ದರಿಂದ ಹಳ್ಳಿಯ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಹಾಗಾಗಿ ದೂರದ ಊರಿನ ಹೆತ್ತವರು ಮಾತ್ರೆ ಮುಗಿಯುವ ಮೊದಲೇ ಹೊರಡಬೇಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತು ಎರಡು ಕೊಡಬಾರದು. ಸಂಜೆ ಕೊಟ್ಟರೆ ರಾತ್ರಿಯ ನಿದ್ದೆ ಹೋಗುತ್ತದೆ. ದಿನವಿಡೀ ಕೆಲಸ ಮಾಡುವ ಮಾತ್ರೆಯನ್ನು ಅರೆದು ಕೊಡಬಾರದು, ಜಗಿಯಲೂ ಬಿಡಬಾರದು.

ಇನ್ನೊಂದು ಕಡೆ ಪರೀಕ್ಷೆಯ ಭೂತ. “ಅವನಿಗೆ ಓದಲು ಮಾತ್ರೆ ಇದೆಯಂತೆ” ಎಂಬ ಮಾತು ಹಬ್ಬಿದರೆ ಪಕ್ಕದ ಹಾಸಿಗೆಯ ಹುಡುಗ ಒಂದು ಕೇಳುತ್ತಾನೆ. ಎಲ್ಲವನ್ನೂ ಹಂಚಿ ಉಣ್ಣಬೇಕೆಂದು ನಾವೇ ಕಲಿಸಿದ್ದೇವಲ್ಲ! ಪ್ರಸಾದ ಹಂಚುವುದಕ್ಕೆ, ಈ ಮಾತ್ರೆ ಹಂಚುವುದಕ್ಕಲ್ಲ. ತೊಂದರೆಯಿಲ್ಲದ ಮಗುವಿಗೆ ಇದು ಬುದ್ಧಿ ಕೊಡುವುದಿಲ್ಲ. ನಿದ್ದೆ ಕೆಡಿಸುತ್ತದೆ, ಎದೆ ಬಡಿತ ಏರಿಸುತ್ತದೆ, ಚಟಕ್ಕೂ ದಾರಿಯಾಗಬಹುದು.

ಆದ್ದರಿಂದ ಮಠಗಳ, ಶಾಲೆಗಳ, ನಿಲಯಗಳ ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೆ. ಪ್ರವೇಶದ ದಿನವೇ “ಮಗು ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದೆಯೇ?” ಎಂದು ಕೇಳಿ, ಹೌದೆಂದರೆ ಸೀಟು ಹೋಗದು ಎಂದು ಬಾಯಿಬಿಟ್ಟು ಹೇಳಿ. ಮಾತ್ರೆಗಳು ಬೀಗ ಹಾಕಿದ ಕಪಾಟಿನಲ್ಲಿರಲಿ. ಎಣಿಸಿ, ಹೊತ್ತಿಗೆ ಸರಿಯಾಗಿ, ಒಬ್ಬರೇ ಹೊಣೆ ಹೊತ್ತು ಕೊಟ್ಟು ಪುಸ್ತಕದಲ್ಲಿ ಬರೆಯಲಿ. ಊಟ ಬಿಟ್ಟರೆ, ಮಂಕಾದರೆ ಹೆತ್ತವರಿಗೆ ತಿಳಿಸಲಿ. ಮಗುವಿನ ಹೆಸರು ಮಾತ್ರ ಸಾಲಿನ ಮುಂದೆ ಕೂಗುವುದು ಬೇಡ.

ಹೆತ್ತವರೂ ಯಾರದೋ ಮಾತು ಕೇಳಿ ಔಷಧ ನಿಲ್ಲಿಸಬಾರದು, ತಾವಾಗಿಯೇ ಪ್ರಮಾಣ ಹೆಚ್ಚಿಸಲೂಬಾರದು. ಅನುಮಾನವಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಬಗ್ಗೆ ವಿಚಾರಿಸಿ, ಇಲ್ಲವೇ ಸರ್ಕಾರದ ಉಚಿತ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ಮಗುವನ್ನು ಒಂದೆಡೆ ಕೂರಿಸೀತು. ಕೂತ ಮಗುವಿಗೆ ಕಲಿಸುವ ತಾಳ್ಮೆ, ತಪ್ಪಿದಾಗ ಬೆನ್ನು ತಟ್ಟುವ ಕೈ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ದಯೆಯೇ ಧರ್ಮದ ಬೇರು ಎಂದು ನಂಬಿದವರು ನಾವು. ಆ ದಯೆ ಮೊದಲು ತಲುಪಬೇಕಾದದ್ದು ಟ್ರಂಕಿನ ತಳದಲ್ಲಿ ಗುಟ್ಟು ಹೊತ್ತು ಬಂದ ಆ ಮಗುವಿಗೆ.