ದೇವರ ಚಿತ್ತ ಮತ್ತು ನಮ್ಮ ಲೆಕ್ಕ

ಹನೂರು ತಾಲ್ಲೂಕಿನ ಮಾರ್ಟಳ್ಳಿ ಭಾಗದ ಕ್ರೈಸ್ತ ಮನೆಗಳಲ್ಲಿ, ನರ್ಸಿಂಗ್ ಮುಗಿಸಿದ ಮಗಳು ಎಲ್ಲಿ ಕೆಲಸಕ್ಕೆ ಸೇರಬೇಕೆಂಬ ಪ್ರಶ್ನೆ ಎದ್ದಾಗ ‘ದೇವರ ಚಿತ್ತದಂತಾಗಲಿ’ ಎನ್ನುವುದು ಸಹಜ. ಆದರೆ ಅನೇಕ ವೇಳೆ ನಿರ್ಧಾರ ಮೊದಲೇ ಆಗಿರುತ್ತದೆ. ಪ್ರಾರ್ಥನೆ ಅದರ ಮೇಲೊತ್ತುವ ಮೊಹರು ಮಾತ್ರ. ಕಡತಗಳ ನಡುವೆ ಬಾಳಿದ ನನಗೆ ಇದು ಪರಿಚಿತ ಕ್ರಮ.

ಒಂದನ್ನು ಆರಿಸಿದಾಗ ನಾವು ಕಳೆದುಕೊಳ್ಳುವುದೇನು ಎಂದು ಎಣಿಸಲು ಅರ್ಥಶಾಸ್ತ್ರ ಕಲಿಸುತ್ತದೆ. ನಾವಿಲ್ಲದಿದ್ದರೆ ಇತರರು ಕಳೆದುಕೊಳ್ಳುವುದೇನು ಎಂಬುದು ದೇವರ ಕಡೆಯಿಂದ ಬರುವ ಪ್ರಶ್ನೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ಸೇವಿಸಿದವರಲ್ಲಿ 17 ಮಂದಿ ಅಸುನೀಗಿದರು. ದೂರದ ಮೈಸೂರಿಗೆ ಸಾಗಿಸುವ ಮುನ್ನ ಅಸ್ವಸ್ಥರಲ್ಲಿ ಹಲವರನ್ನು ಕರೆತಂದದ್ದು ಕ್ರೈಸ್ತ ಸನ್ಯಾಸಿನಿಯರ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ. ಆ ದಿನ ಅಲ್ಲಿ ಒಬ್ಬ ನರ್ಸ್ ಇದ್ದುದರ ಬೆಲೆ ಯಾವ ಸಂಬಳದ ಪಟ್ಟಿಯಲ್ಲಿದೆ?

ಎಲ್ಲರೂ ಊರಿನಲ್ಲೇ ಉಳಿಯಬೇಕೆಂದಲ್ಲ. ಸಾಲ ತೀರಿಸಲು, ತಮ್ಮನನ್ನು ಓದಿಸಲು ದೂರ ಹೋಗುವುದೂ ದೇವರಿಗೆ ಒಪ್ಪಿತವಾದೀತು. ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲೇ ಎರಡು ಪರೀಕ್ಷೆ ಸೂಚಿಸಿದ್ದರು: ಇದೇ ಸ್ಥಿತಿಯಲ್ಲಿರುವ ಅಪರಿಚಿತರಿಗೆ ನೀವು ಏನು ಸಲಹೆ ಕೊಡುವಿರಿ? ಮರಣಶಯ್ಯೆಯಲ್ಲಿ ಯಾವ ಆಯ್ಕೆ ಸರಿಯಿತ್ತೆಂದು ಅನ್ನಿಸೀತು? ಕೊಳ್ಳೇಗಾಲದಲ್ಲಿ ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಇವೆರಡಕ್ಕೂ ಪ್ರಾಮಾಣಿಕ ಉತ್ತರ ಹುಡುಕಿದರೆ, ಪ್ರಾರ್ಥನೆ ಮೊಹರಾಗದೆ ನಿಜವಾದ ವಿಚಾರಣೆಯಾಗುತ್ತದೆ.